ಕೊಬ್ಬರಿ ಶೆಡ್ಡಿಗೆ ಡೀಸೆಲ್ ಹೀಟರ್ ಬೇಕಾ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಯಾರ ತೋಟಕ್ಕೆ ಹೋದರೂ ಒಂದು ಶೆಡ್ಡು ಇದ್ದೇ ಇರುತ್ತದೆ. ಮೇಲೆ ಅಟ್ಟ, ಅಟ್ಟದ ತುಂಬ ಕಾಯಿ, ಕೆಳಗೆ ಮಚ್ಚು, ಮಂಕರಿ, ಸ್ಪ್ರೇಯರ್, ಕೆಟ್ಟುಹೋದ ಪಂಪು. ಕೊರೊನಾ ಕಾಲದಿಂದ ಈಚೆಗೆ ಅದೇ ಅಟ್ಟದ ಕೆಳಗೆ ಒಂದು ಟೇಬಲ್ಲು, ಲ್ಯಾಪ್‌ಟಾಪು, ವೈಫೈ ಡಬ್ಬಿಯೂ ಸೇರಿಕೊಂಡಿವೆ. ಮನೆಯೊಳಗೆ ಟಿವಿ, ಮಕ್ಕಳು, ನೆಂಟರು. ಮೀಟಿಂಗ್ ನಡೆಸುವಷ್ಟು ಮೌನ ಸಿಗುವುದು ಶೆಡ್ಡಿನಲ್ಲಿ ಮಾತ್ರ. ಬೆಂಗಳೂರಿನ ಕಂಪನಿಗೆ ಊರಿನಿಂದಲೇ ಕೆಲಸ ಮಾಡುವ ನಮ್ಮ ಚಿಕ್ಕಪ್ಪನ ಮಗನ ಆಫೀಸು ಅದೇ. ಪರೀಕ್ಷೆ ಹತ್ತಿರ ಬಂದರೆ ನನ್ನ ಓದಿನ ಕೋಣೆಯೂ ಅದೇ.

ಬೇಸಿಗೆಯಲ್ಲಿ ತಗಡಿನ ಶೆಡ್ಡು ಒಲೆಯಂತಿರುತ್ತದೆ, ಅದು ಎಲ್ಲರಿಗೂ ಗೊತ್ತು. ಧನುರ್ಮಾಸದ ರಾತ್ರಿ ಹನ್ನೆರಡರ ಮೇಲೆ ಅಲ್ಲಿ ಕೂತವರಿಗೆ ಮಾತ್ರ ಇನ್ನೊಂದು ಕಥೆ ಗೊತ್ತು. ನಮ್ಮ ಸೀಮೆ ಸಮುದ್ರ ಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿದೆ. ಸುತ್ತ ತೋಟ, ಡ್ರಿಪ್ಪಿನ ತೇವ. ಬೆಳಗಿನ ಜಾವ ತಗಡಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತದೆ. ಬೆರಳು ಸೆಟೆದುಕೊಂಡರೆ ಟೈಪ್ ಮಾಡುವುದು ಹೇಗೆ? ಹಾಗಾಗಿ ಅಣ್ಣ ಒಂದು ವಿಡಿಯೊ ನೋಡಿ ಡೀಸೆಲ್ ಹೀಟರ್ ತರಿಸುವ ಯೋಚನೆಗೆ ಬಿದ್ದ. ಚಿಕ್ಕಪ್ಪ ಇನ್ನೂ ಒಂದು ಹೆಜ್ಜೆ ಮುಂದೆ: "ತರ್ಸು ತರ್ಸು, ಕಾಯೂ ಬೇಗ ಒಣಗ್ತವೆ." ಮೆಕ್ಯಾನಿಕಲ್ ಓದುವ ಹುಡುಗ ಮನೆಯಲ್ಲಿದ್ದಾನೆ ಎಂದು ಅಭಿಪ್ರಾಯ ಕೇಳಿದರು. ಅಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಈ ಪ್ರಶ್ನೆ ನಮ್ಮ ಮನೆಯದೊಂದೇ ಅಲ್ಲ.

ಮೊದಲು ಆ ಯಂತ್ರದ ಬಗ್ಗೆ. ಚಳಿದೇಶಗಳ ಲಾರಿ ಚಾಲಕರು ರಾತ್ರಿ ಎಂಜಿನ್ ಆರಿಸಿ ಕ್ಯಾಬಿನ್ನಿನಲ್ಲಿ ಮಲಗುವಾಗ ಬೆಚ್ಚಗಿರಲಿ ಎಂದು ಬಂದದ್ದು ಇದು. ಜರ್ಮನಿಯ ವೆಬಾಸ್ಟೊ, ಎಬರ್‌ಸ್ಪೇಕರ್ ಕಂಪನಿಗಳದ್ದು ಹಳೆಯ ಹೆಸರು. ಈಗ ಅದರ ಅಗ್ಗದ ಚೀನಾ ನಕಲುಗಳು ಎಲ್ಲೆಡೆ ಸಿಗುತ್ತವೆ. ಬ್ರಿಟನ್ನಿನಲ್ಲಿ ಮನೆಯ ಹಿತ್ತಿಲಿನ ಮರದ ಶೆಡ್ಡನ್ನು ಆಫೀಸು ಮಾಡಿಕೊಂಡವರು ಇದನ್ನು ಗೋಡೆಗೆ ಕೂರಿಸುತ್ತಾರೆ. 12 ವೋಲ್ಟಿನ ಬ್ಯಾಟರಿ, ಒಂದು ಪುಟ್ಟ ಟ್ಯಾಂಕು, ಟಕ್ ಟಕ್ ಎಂದು ಹನಿ ಹನಿಯಾಗಿ ಡೀಸೆಲ್ ತಳ್ಳುವ ಪಂಪು, ಒಂದು ಫ್ಯಾನು.

ಇದರ ಜಾಣತನ ಇರುವುದು ಕೊಳವೆಗಳಲ್ಲಿ. ಹೀಟರಿಗೆ ನಾಲ್ಕು ಬಾಯಿ. ಎರಡು ಬಾಯಿ ಕೋಣೆಯ ಗಾಳಿಗೆ: ತಣ್ಣನೆಯದು ಒಳಗೆ, ಬಿಸಿಯದು ಹೊರಗೆ. ಇನ್ನೆರಡು ಬೆಂಕಿಗೆ: ಒಂದು ಕೊಳವೆ ಶೆಡ್ಡಿನ ಹೊರಗಿನಿಂದ ಗಾಳಿ ಎಳೆದುಕೊಳ್ಳುತ್ತದೆ, ಇನ್ನೊಂದು ಹೊಗೆಯನ್ನು ಹೊರಗೇ ಬಿಡುತ್ತದೆ. ಮಧ್ಯೆ ಅಲ್ಯೂಮಿನಿಯಂ ಗೋಡೆ. ಬೆಂಕಿಯ ಗಾಳಿಯೂ ನಮ್ಮ ಉಸಿರಿನ ಗಾಳಿಯೂ ಎಲ್ಲಿಯೂ ಒಂದನ್ನೊಂದು ಮುಟ್ಟುವುದಿಲ್ಲ. ಕಾವು ಮಾತ್ರ ಗೋಡೆ ದಾಟಿ ಬರುತ್ತದೆ. ಹೀಟ್ ಟ್ರಾನ್ಸ್‌ಫರ್ ವಿಷಯದಲ್ಲಿ ಐದಂಕದ ಪ್ರಶ್ನೆಗೆ ಬರೆಯುವ ಹೀಟ್ ಎಕ್ಸ್‌ಚೇಂಜರ್ ಅಂದರೆ ಇದೇ.

ಹಾಗಾದರೆ ತರಿಸಬಹುದಲ್ಲ? ನನ್ನ ಉತ್ತರ, ನಮ್ಮೂರಿಗೆ ಬೇಡ. ಕಾರಣ ಲೆಕ್ಕದಲ್ಲೇ ಇದೆ. ಹತ್ತಡಿ ಹನ್ನೆರಡಡಿಯ ತಗಡಿನ ಶೆಡ್ಡು ಎಂದುಕೊಳ್ಳಿ. ಗೋಡೆ, ಛಾವಣಿ ಸೇರಿ ಸುಮಾರು 45 ಚದರ ಮೀಟರ್ ತಗಡು. ಹೊರಗಿಗಿಂತ ಒಳಗೆ 8 ಡಿಗ್ರಿ ಹೆಚ್ಚು ಬೇಕು ಎಂದರೂ ಬರಿ ತಗಡಿನ ಮೂಲಕ ಹೆಚ್ಚು ಕಡಿಮೆ 2 ಕಿಲೋವಾಟ್ ಕಾವು ಸೋರಿಹೋಗುತ್ತದೆ. ಅಷ್ಟನ್ನು ತುಂಬಲು ಗಂಟೆಗೆ ಕಾಲು ಲೀಟರ್ ಡೀಸೆಲ್. ರಾತ್ರಿ ಆರು ಗಂಟೆ ಕೆಲಸಕ್ಕೆ ಒಂದೂವರೆ ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೂ ದಿನಕ್ಕೆ 135. ಎರಡು ತಿಂಗಳ ಚಳಿಗೆ ಎಂಟು ಸಾವಿರ ದಾಟುತ್ತದೆ, ಅದೂ ತಗಡಿನ ಮೂಲಕ ಆಕಾಶವನ್ನು ಬೆಚ್ಚಗಿಡಲು.

ಅದೇ ತಗಡಿಗೆ ಒಳಗಡೆಯಿಂದ ಒಂದಿಂಚಿನ ಶಾಖನಿರೋಧಕ ಹಲಗೆ ಹೊಡೆದರೆ ಸೋರಿಕೆ ಐದಾರು ಪಟ್ಟು ಇಳಿದು 400 ವಾಟ್ ಆಸುಪಾಸಿಗೆ ಬರುತ್ತದೆ. ಕೂತ ಮನುಷ್ಯನ ಮೈಯಿಂದಲೇ ನೂರು ವಾಟ್ ಕಾವು ಬರುತ್ತದೆ. ಲ್ಯಾಪ್‌ಟಾಪು, ಮಾನಿಟರು, ದೀಪ ಸೇರಿ ಇನ್ನೊಂದು ನೂರು. ಉಳಿದದ್ದಕ್ಕೆ ಟೇಬಲ್ಲಿನ ಕೆಳಗೆ ಕಾಲಿನ ಹತ್ತಿರ ಒಂದು ಸಣ್ಣ ಕರೆಂಟಿನ ಹೀಟರ್ ಸಾಕು. ಆರು ಗಂಟೆಗೆ ಒಂದೂವರೆ ಯೂನಿಟ್ಟೂ ಬೇಡ. ಗಂಜಿ ಕುಡಿದು ಕಂಬಳಿ ಹೊದ್ದು ಕೂತರೆ ಅದೂ ಬೇಡ ಎನ್ನುತ್ತಾರೆ ಅಜ್ಜಿ. ಲೆಕ್ಕದ ಪ್ರಕಾರ ಅಜ್ಜಿ ಸರಿ.

ಹಲಗೆ ಯಾವುದು ಎಂಬುದರಲ್ಲಿ ಎಚ್ಚರ ಇರಲಿ. ಥರ್ಮಾಕೋಲ್ ಅಗ್ಗ, ಆದರೆ ಕಿಡಿ ತಗುಲಿದರೆ ಕರಗಿ ಉರಿಯುತ್ತದೆ. ತೆಂಗಿನ ನಾರಿನ ಹಲಗೆಯೂ ಉರಿಯುವಂಥದ್ದೇ. ಇನ್ನೊಂದು ಮಾತು, ಕಾಯಿ ತುಂಬಿದ ಅಟ್ಟವೇ ಒಂದು ದಪ್ಪ ಕಂಬಳಿ. ಸಿಪ್ಪೆಯ ತುಂಬ ನಾರು, ನಾರಿನ ತುಂಬ ಗಾಳಿ. ಟೇಬಲ್ಲನ್ನು ಬಾಗಿಲ ಪಕ್ಕದಿಂದ ಎಳೆದು ತುಂಬಿದ ಅಟ್ಟದ ಕೆಳಕ್ಕೆ ತಂದರೆ ಪುಕ್ಕಟೆ ಒಂದೆರಡು ಡಿಗ್ರಿ ಸಿಗುತ್ತದೆ. ತಲೆಯ ಮೇಲೆ ಕಾಯಿ ಉರುಳದಂತೆ ಅಟ್ಟದ ಅಂಚಿಗೆ ಗಳ ಕಟ್ಟಿರಬೇಕು ಅಷ್ಟೆ!

ಇನ್ನು ಚಿಕ್ಕಪ್ಪನ ಆಸೆ. ಉಂಡೆ ಕೊಬ್ಬರಿ ಅವಸರಕ್ಕೆ ಆಗುವ ಮಾಲಲ್ಲ. ಸಿಪ್ಪೆ ಸಮೇತ ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕೂರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗಲೇ ಅದು ತಿಪಟೂರು ಎಪಿಎಂಸಿಗೆ ಹೋಗುವ ಕೊಬ್ಬರಿ. ಆ ನಿಧಾನವೇ ನಮ್ಮ ಮಾಲಿನ ಬೆಲೆ. ಒಂದು ಮೂಲೆಯಿಂದ ಬಿಸಿ ಗಾಳಿ ಊದಿದರೆ ಆ ಮೂಲೆಯ ಕಾಯಿ ಒಂದು ರೀತಿ, ಈ ಮೂಲೆಯದು ಇನ್ನೊಂದು ರೀತಿ. ಡೀಸೆಲ್ ಟ್ಯಾಂಕಿನ ವಾಸನೆ ಬೇರೆ. ಎಣ್ಣೆಯಂಶದ ತಿರುಳಿಗೆ ವಾಸನೆ ಅಂಟಿದರೆ ವರ್ತಕರ ಮೂಗಿಗೆ ಸುಳ್ಳು ಹೇಳಲಾಗುವುದಿಲ್ಲ. ವರ್ಷ ಕಾದ ಕೊಬ್ಬರಿಯನ್ನು ಎರಡು ತಿಂಗಳ ಬೆಚ್ಚನೆಗೆ ಅಡವಿಡುವುದು ಯಾವ ಲೆಕ್ಕ?

ಇಷ್ಟಾದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಹೀಟರ್ ಬೇಡ ಎಂದ ಕೂಡಲೇ ನಮ್ಮಲ್ಲಿ ಬರುವ ಮುಂದಿನ ಮಾತು, "ಹಂಗಾದ್ರೆ ಒಂದ್ ಬಾಂಡ್ಲಿ ಕೆಂಡ ಇಟ್ಕ." ನನಗೆ ಭಯ ಇರುವುದು ಇಲ್ಲಿ. ಡೀಸೆಲ್ ಹೀಟರಿಗಿಂತ ನೂರು ಪಾಲು ಅಪಾಯದ ಹೀಟರ್ ನಮ್ಮ ಶೆಡ್ಡುಗಳಲ್ಲಿ ಈಗಾಗಲೇ ಇದೆ. ಹರಿದ ಬಾಂಡ್ಲಿಯಲ್ಲಿ ತೆಂಗಿನ ಚಿಪ್ಪಿನ ಕೆಂಡ, ಚಳಿಗಾಳಿ ಬರದಿರಲಿ ಎಂದು ಎಳೆದ ಷಟರು, ಕೆಳಗಿನ ಸಂದಿಗೆ ತುರುಕಿದ ಗೋಣಿಚೀಲ.

2025ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಚಳಿಗೆಂದು ಕೋಣೆಯೊಳಗೆ ಇದ್ದಿಲು ಹೊತ್ತಿಸಿಕೊಂಡು ಮಲಗಿದ ಮೂವರು ಯುವಕರು ಮತ್ತೆ ಏಳಲಿಲ್ಲ. ನನ್ನ ವಯಸ್ಸಿನವರು. ಸುದ್ದಿಯಲ್ಲಿ 'ಉಸಿರುಗಟ್ಟಿ' ಎಂದು ಬರೆಯುತ್ತಾರೆ. ಆ ಪದ ಕೇಳಿದರೆ ಕೆಮ್ಮು ಬಂದು ಎಚ್ಚರವಾಗುತ್ತದೆ, ಎದ್ದು ಹೊರಗೆ ಓಡಬಹುದು ಎಂದು ಜನ ತಿಳಿಯುತ್ತಾರೆ. ಹಾಗಾಗುವುದಿಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಲೆ ಭಾರ, ವಾಕರಿಕೆ, ಆಮೇಲೆ ಮಂಪರು. ರಾತ್ರಿ ಎರಡಕ್ಕೆ ಕೆಲಸ ಮಾಡುವವನು ಇದನ್ನು ನಿದ್ದೆ ಎಂದುಕೊಳ್ಳುತ್ತಾನೆ. "ಹೊಗೆ ಪೂರ್ತಿ ಹೋದಮೇಲೇ ಒಳಗೆ ತರ್ತೀವಿ" ಎಂಬುದು ಮನೆಮನೆಯ ಸಮಾಧಾನ. ಹೊಗೆ ನಿಂತು ನಿಗಿನಿಗಿ ಎನ್ನುವ ಕೆಂಡವೇ ಈ ಅನಿಲದ ಕಾರ್ಖಾನೆ. ಕಣ್ಣಿಗೆ ಕಾಣುವ ಹೊಗೆಯಾದರೂ ನಮ್ಮನ್ನು ಆಚೆ ಓಡಿಸುತ್ತಿತ್ತು.

ಹಿರಿಯರು ಇದಕ್ಕೆ ಒಪ್ಪುವುದಿಲ್ಲ. "ನಿಮ್ಮಜ್ಜಿ ಅರವತ್ತು ವರ್ಷ ಹೊಗೇಲೇ ಅಡಿಗೆ ಮಾಡ್ಲಿಲ್ವ, ಅದೇ ಹೊಗೇಲಿ ಅಟ್ಟದ ಕಾಯಿ ಒಣಗ್ಲಿಲ್ವ?" ನಿಜ. ಅಡುಗೆ ಒಲೆಯ ಹೊಗೆ ಅಟ್ಟಕ್ಕೇರಿ ಕೊಬ್ಬರಿಯನ್ನು ಹದ ಮಾಡುತ್ತಿತ್ತು. ಒಂದೇ ಬೆಂಕಿಯಲ್ಲಿ ಮುದ್ದೆಯೂ ಆಗುತ್ತಿತ್ತು, ಮಾಲೂ ಆಗುತ್ತಿತ್ತು. ಆದರೆ ಆ ಮನೆ ಹೇಗಿತ್ತು? ನಾಡಹೆಂಚಿನ ಸೂರು, ಹೆಂಚಿಗೂ ಹೆಂಚಿಗೂ ನಡುವೆ ಬೆರಳು ತೂರುವ ಸಂದಿ, ಬೆಳಕಿಂಡಿ, ಗಳಗಳ ನಡುವೆ ಗಾಳಿಯಾಡುವ ಅಟ್ಟ. ಆ ಸೂರೇ ಒಂದು ದೊಡ್ಡ ಚಿಮಣಿ. ಅಷ್ಟಾದರೂ ಅಜ್ಜಿಯ ಕಣ್ಣು, ಎದೆ ಬೆಲೆ ತೆತ್ತಿವೆ. ರಾತ್ರಿಯಿಡೀ ಅವರ ಕೆಮ್ಮು ಕೇಳಿ ಬೆಳೆದವನು ನಾನು. ಈಗ ನಾವು ಕಟ್ಟಿರುವುದು ಸಿಮೆಂಟ್ ಇಟ್ಟಿಗೆ, ತಗಡು, ಷಟರು. ಇಲಿ, ಅಳಿಲು ಬರದಿರಲೆಂದು ಸಂದಿಗಳಿಗೆಲ್ಲ ಗಾರೆ. ಡಬ್ಬಿ ಬದಲಾಗಿದೆ, ಬಾಂಡ್ಲಿ ಮಾತ್ರ ಅಜ್ಜಿಯ ಕಾಲದ್ದೇ.

ಕಾಶ್ಮೀರ, ಲಡಾಖ್ ಕಡೆ ನಮಗಿಂತ ಎಷ್ಟೋ ಪಾಲು ಚಳಿ. ಅಲ್ಲಿನ ಬುಖಾರಿ ಎಂಬ ತಗಡಿನ ಒಲೆ ನೋಡಿ. ಒಲೆಯ ನೆತ್ತಿಯಿಂದ ಒಂದು ಕೊಳವೆ ನೇರ ಸೂರು ದಾಟಿ ಹೊರಗೆ ಹೋಗುತ್ತದೆ. ಯಾವ ಎಂಜಿನಿಯರಿಂಗ್ ಕಾಲೇಜೂ ಹೇಳಿಕೊಡದೆ ಜನ ಕಂಡುಕೊಂಡ ದಾರಿ ಅದು.

ನಮ್ಮ ತೆಂಗಿಗೇ ಇಂಥದ್ದೊಂದು ಆಗಲೇ ಇದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಚಿಪ್ಪು ಉರಿಸುವ ಕೊಬ್ಬರಿ ಡ್ರೈಯರ್ ಮಾಡಿದ್ದಾರೆ. ಅದು ಹೋಳು ಕೊಬ್ಬರಿಗೆ, ನಮ್ಮ ಉಂಡೆಗಲ್ಲ. ಒಂದು ಸಲಕ್ಕೆ ಸಾವಿರ ಕಾಯಿ, ಸುಮಾರು 24 ಗಂಟೆಯ ಒಣಗಿಕೆ. ಒಮ್ಮೆ ಚಿಪ್ಪು ಜೋಡಿಸಿ ಹೊತ್ತಿಸಿದರೆ ಅದರ ಬರ್ನರ್ ಐದು ಗಂಟೆ ಯಾರೂ ಮುಟ್ಟದೆ ಉರಿಯುತ್ತದೆ. ಹೊಗೆ ಕೊಬ್ಬರಿಯನ್ನು ಮುಟ್ಟುವುದಿಲ್ಲ, ಕಾವು ಮಾತ್ರ ಮುಟ್ಟುತ್ತದೆ. ಫ್ಯಾನಿಲ್ಲ, ಕರೆಂಟಿಲ್ಲ, ಬಿಸಿ ಗಾಳಿ ತಾನೇ ಮೇಲೇರುತ್ತದೆ. ಜರ್ಮನಿಯ ಲಾರಿ ಹೀಟರಿನಲ್ಲಿ ಇರುವ ಬುದ್ಧಿಯೇ ಕಾಸರಗೋಡಿನ ಡ್ರೈಯರಿನಲ್ಲೂ ಇದೆ. ಕೊಬ್ಬರಿಗೆ ಹೊಗೆ ತಗುಲಬಾರದು ಎಂದು ಇಷ್ಟು ಯೋಚಿಸುವ ನಾವು, ಅದರ ಕೆಳಗೆ ಕೂರುವ ಮಗನಿಗೆ ಮಾತ್ರ ಬಾಂಡ್ಲಿ ಇಡುತ್ತೇವೆ.

ಇಷ್ಟು ಹೇಳಿದರೂ ಡೀಸೆಲ್ ಹೀಟರನ್ನೇ ಹಾಕಿಸುತ್ತೇನೆ ಎನ್ನುವವರು ಇರುತ್ತಾರೆ, ಕೊಳ್ಳುವವರ ಕೈ ಹಿಡಿಯಲು ಆಗದು. ಹೊಗೆ ಕೊಳವೆ ಕೈ ಸುಡುವುದಿರಲಿ, ಒಣ ಮಟ್ಟೆಗೆ ಬೆಂಕಿ ಹಚ್ಚುವಷ್ಟು ಕಾಯುತ್ತದೆ. ಅದು ಗೋಡೆ ದಾಟುವಲ್ಲಿ ಅಗಲವಾದ ಲೋಹದ ಬಳೆ ಬೇಕು, ಸುತ್ತ ಸಿಪ್ಪೆ, ನಾರು, ಚೀಲ ಏನೂ ಇರಬಾರದು. ಗಾಳಿ ಎಳೆಯುವ ಬಾಯಿ, ಹೊಗೆ ಬಿಡುವ ಬಾಯಿ ಎರಡೂ ಶೆಡ್ಡಿನ ಹೊರಗೆ, ಒಂದಕ್ಕೊಂದು ದೂರ. "ಸದ್ಯಕ್ಕೆ ಒಳಗೇ ಇಟ್ಟು ನೋಡೋಣ" ಎಂಬ ಟ್ರಯಲ್ ಯಾವತ್ತೂ ಬೇಡ. ನಮ್ಮೂರಿಗೆ ಮಾತ್ರ ಸೇರುವ ಎರಡು ತೊಂದರೆಗಳಿವೆ, ಯಾವ ವಿಡಿಯೊದಲ್ಲೂ ಹೇಳುವುದಿಲ್ಲ. ಒಂದು, ಹತ್ತು ತಿಂಗಳು ಸುಮ್ಮನಿರುವ ಕೊಳವೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಹೊಗೆಗೆ ದಾರಿ ಕಟ್ಟಿತೆಂದರೆ ಅದು ಹಿಂದಕ್ಕೆ ಬರುತ್ತದೆ. ಇನ್ನೊಂದು ಕರೆಂಟು. ಈ ಹೀಟರನ್ನು ಆಫ್ ಮಾಡಿದ ಮೇಲೂ ಒಳಗಿನ ಕಾವು ಆರುವವರೆಗೆ ಫ್ಯಾನು ಕೆಲವು ನಿಮಿಷ ತಿರುಗಬೇಕು. ಬ್ಯಾಟರಿ ಉಳಿಸಲು ಅಡಾಪ್ಟರಿನಲ್ಲಿ ನೇರ ಕರೆಂಟಿಗೆ ಹಾಕಿದರೆ, ಮಧ್ಯರಾತ್ರಿ ಲೈನ್ ಹೋದಾಗ ಫ್ಯಾನು ನಿಂತು ಬಿಸಿ ಒಳಗೇ ಉಳಿಯುತ್ತದೆ. ಹೊತ್ತಿಕೊಳ್ಳುವ ಹೊತ್ತಿಗೆ ಅದು ಹತ್ತು ಆಂಪಿಯರಿನಷ್ಟು ಕೇಳುತ್ತದೆ, ಹಳೇ ಬೈಕಿನ ಬ್ಯಾಟರಿ ಸಾಲದು.

ಹೀಟರ್ ಯಾವುದೇ ಇರಲಿ, ಏನನ್ನಾದರೂ ಉರಿಸುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ. ಹೊಗೆ ಅಲಾರಂ ಬೇರೆ, ಇದು ಬೇರೆ. ಅಂಗಡಿಯವರೇ ಗೊಂದಲ ಮಾಡಿಕೊಳ್ಳುತ್ತಾರೆ. ಕೊಬ್ಬರಿ ಶೆಡ್ಡಿಗೆ ಸಿಸಿಟಿವಿ ಹಾಕಿಸುವ ನಮ್ಮವರಿಗೆ ಇದು ದೊಡ್ಡ ಖರ್ಚಲ್ಲ. ಕ್ಯಾಮೆರಾ ಕಾಯಿ ಕಾಯುತ್ತದೆ.

ನಮ್ಮ ಮನೆಯಲ್ಲಿ ಸದ್ಯಕ್ಕೆ ಆರ್ಡರ್ ನಿಂತಿದೆ. ಅಣ್ಣ ತಗಡಿಗೆ ಹಲಗೆ ಹೊಡೆಸುವ ಅಳತೆ ತೆಗೆದಿದ್ದಾನೆ. ಚಿಕ್ಕಪ್ಪನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ: "ಶೆಡ್ಡಿನ ತುಂಬ ಚಿಪ್ಪು ಬಿದ್ದವೆ, ಅದ ಬಿಟ್ಟು ಕರೆಂಟ್ ಸುಡಾದ?" ಈ ಪ್ರಶ್ನೆಯಲ್ಲಿ ನ್ಯಾಯವಿದೆ. ಸುಮಾರು ಎರಡು ಕೆಜಿ ಒಣ ಚಿಪ್ಪಿನಲ್ಲಿ ಒಂದು ಲೀಟರ್ ಡೀಸೆಲಿನಷ್ಟು ಕಾವಿದೆ. ನಮ್ಮ ಕಾಲೇಜುಗಳಲ್ಲಿ ಪ್ರತಿ ವರ್ಷವೂ ಮರ ಹತ್ತುವ ಯಂತ್ರ, ಕಾಯಿ ಸುಲಿಯುವ ಯಂತ್ರ ಎಂದು ಅವೇ ಪ್ರಾಜೆಕ್ಟುಗಳು ಬಣ್ಣ ಬದಲಿಸಿಕೊಂಡು ಬರುತ್ತವೆ. ಮುಂದಿನ ವರ್ಷ ನಮ್ಮ ತಂಡ ಚಿಪ್ಪು ಉರಿಸುವ ಸಣ್ಣ ಹೀಟರ್ ಮಾಡಬೇಕೆಂದಿದ್ದೇವೆ: ಒಲೆ ಶೆಡ್ಡಿನ ಹೊರಗೆ, ಕಾವು ಮಾತ್ರ ತಗಡಿನ ಪೆಟ್ಟಿಗೆ ದಾಟಿ ಒಳಗೆ. ಗೈಡ್ ಮೇಡಂ ಕೇಳಿದ ಮೊದಲ ಪ್ರಶ್ನೆ ಎಷ್ಟು ಬಿಸಿಯಾಗುತ್ತದೆ ಎಂದಲ್ಲ, ಬೆಸುಗೆ ಬಿಟ್ಟರೆ ಏನಾಗುತ್ತದೆ ಎಂದು. ಅದಕ್ಕೆ ಉತ್ತರ ಹುಡುಕಲು ಬೆಸುಗೆ ಕೆಲಸದವರ ಬಳಿ ಓಡಾಡುತ್ತಿದ್ದೇವೆ.