‘ಮುಂತಾದವರು ಉಪಸ್ಥಿತರಿದ್ದರು’: ಇದು ಯಾರ ವ್ಯಾಪಾರದ ಸುದ್ದಿ?

ಹಾವೇರಿ ಜಿಲ್ಲೆಯ ವ್ಯಾಪಾರ ವಹಿವಾಟಿನ ಸುದ್ದಿ ಅಂತ ಸ್ಥಳೀಯ ಪುಟಗಳಲ್ಲಿ, ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಏನು ಬರುತ್ತದೆ ಅನ್ನುವುದನ್ನು ಒಂದು ವಾರ ಲೆಕ್ಕ ಇಟ್ಟು ನೋಡಿ. ಬಟ್ಟೆ ಅಂಗಡಿ ಉದ್ಘಾಟನೆ. ಬೈಕ್ ಶೋರೂಮಿನಲ್ಲಿ ಹೊಸ ಮಾಡೆಲ್ ಬಿಡುಗಡೆ. ವರ್ತಕರ ಸಂಘಕ್ಕೆ ನೂತನ ಪದಾಧಿಕಾರಿಗಳ ಆಯ್ಕೆ. ಹಣಕಾಸು ಸಂಸ್ಥೆಯ ಶಾಖೆಗೆ ವರ್ಷ ತುಂಬಿದ ಸಂಭ್ರಮ. ಎಲ್ಲ ಫೋಟೊಗಳಲ್ಲೂ ಒಂದು ರಿಬ್ಬನ್, ಒಂದು ಕತ್ತರಿ, ಸಾಲಾಗಿ ನಿಂತ ಹದಿನೈದು ಜನ. ಸುದ್ದಿಯ ಅರ್ಧ ಭಾಗ ಹೆಸರುಗಳ ಪಟ್ಟಿ, ಕೊನೆಗೆ ‘ಮುಂತಾದವರು ಉಪಸ್ಥಿತರಿದ್ದರು’.

ಪತ್ರಿಕೋದ್ಯಮದ ಡಿಪ್ಲೊಮಾ ತರಗತಿಯಲ್ಲಿ ನಮಗೆ ಮೊದಲ ದಿನವೇ ಹೇಳಿಕೊಟ್ಟದ್ದು: ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ನಮ್ಮ ಜಿಲ್ಲೆಯ ವ್ಯಾಪಾರದ ಸುದ್ದಿ ‘ಯಾರು’ ಅನ್ನುವಲ್ಲೇ ನಿಂತುಬಿಟ್ಟಿದೆ. ಅದೂ ಶಾಲು ಹೊದ್ದವರು ಯಾರು ಅನ್ನುವಲ್ಲಿ.

ನಮ್ಮ ಜಿಲ್ಲೆ ವ್ಯಾಪಾರವಿಲ್ಲದ ಜಿಲ್ಲೆಯೇನೂ ಅಲ್ಲ. 1997ರಲ್ಲಿ ಧಾರವಾಡದಿಂದ ಬೇರೆಯಾದ, ಎಂಟು ತಾಲ್ಲೂಕುಗಳ ಸಣ್ಣ ಜಿಲ್ಲೆ ಇದು. ಆದರೆ ಬ್ಯಾಡಗಿಯ ಹೆಸರು ಕೇಳದ ಮಸಾಲೆ ವ್ಯಾಪಾರಿ ದೇಶದಲ್ಲಿಲ್ಲ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸೀಸನ್‌ನಲ್ಲಿ ಸೋಮವಾರ, ಗುರುವಾರ ಬಂತೆಂದರೆ ಚೀಲಗಳ ಲೆಕ್ಕ ಲಕ್ಷ ದಾಟುತ್ತದೆ. ಗದಗ, ಬಳ್ಳಾರಿ, ರಾಯಚೂರು ಮಾತ್ರವಲ್ಲ, ಆಂಧ್ರದಿಂದಲೂ ಲಾರಿಗಳು ಬಂದು ನಿಲ್ಲುತ್ತವೆ. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆ, ಸವಣೂರಿನ ಎಲೆ, ದನದ ಸಂತೆಗಳು, ಹತ್ತಿ, ಗೋವಿನಜೋಳ. ಇಷ್ಟೆಲ್ಲ ಇದ್ದೂ ಪುಟ ತುಂಬುವುದು ರಿಬ್ಬನ್.

ಮೆಣಸಿನಕಾಯಿ ಸುದ್ದಿಯೂ ಬರುವುದಿಲ್ಲವೇ ಎಂದು ಕೇಳಬಹುದು. ಬರುತ್ತದೆ. ಹೇಗೆ ಬರುತ್ತದೆ ಅನ್ನುವುದೇ ನಮ್ಮ ತಕರಾರು. ‘ಡಬ್ಬಿ ಮೆಣಸಿನಕಾಯಿಗೆ ದಾಖಲೆ ದರ’ ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ. ಒಂದು ದಲಾಲಿ ಅಂಗಡಿಯ ಮುಂದೆ ಒಬ್ಬ ರೈತನ ನಾಲ್ಕೈದು ಚೀಲದ ಒಂದು ಲಾಟಿಗೆ ಸಿಕ್ಕ ದರ ಅದು. ಅಂಗಡಿಯವರು ರೈತನಿಗೆ ಹಾರ ಹಾಕುತ್ತಾರೆ, ಫೋಟೊ ತೆಗೆಸುತ್ತಾರೆ, ಅಂಗಡಿ ಹೆಸರು ಸಮೇತ ಸುದ್ದಿ ಹೋಗುತ್ತದೆ. ಸುದ್ದಿ ಸುಳ್ಳಲ್ಲ. ಆದರೆ ಆ ದಿನ ಬಂದ ಉಳಿದ ಚೀಲಗಳಿಗೆ ಏನು ಸಿಕ್ಕಿತು? ಅದನ್ನು ಬರೆಯುವವರಿಲ್ಲ.

ಲೆಕ್ಕಕ್ಕೆ ಹೀಗೆ ಅಂದುಕೊಳ್ಳಿ: ನೂರು ಲಾಟಿನಲ್ಲಿ ಒಂದಕ್ಕೆ ಕ್ವಿಂಟಲ್‌ಗೆ ₹50 ಸಾವಿರ ಬಿತ್ತು, ಉಳಿದ ತೊಂಬತ್ತೊಂಬತ್ತಕ್ಕೆ ₹20 ಸಾವಿರದ ಆಸುಪಾಸು. ಮರುದಿನ ಊರಿನ ಕಟ್ಟೆಯ ಮೇಲೆ ಯಾವ ಸಂಖ್ಯೆ ಓಡಾಡುತ್ತದೆ? ಐವತ್ತು. ಅದನ್ನು ನಂಬಿ ಒಬ್ಬ ಸಾಲ ಮಾಡಿ ಲಾರಿ ಬಾಡಿಗೆ ಕೊಟ್ಟು ಬರುತ್ತಾನೆ. ಇನ್ನೊಬ್ಬ ‘ಇನ್ನೂ ಏರತೈತಿ’ ಅಂತ ಕೋಲ್ಡ್ ಸ್ಟೋರೇಜಿಗೆ ಹಾಕುತ್ತಾನೆ, ಬಾಡಿಗೆ ಬೆಳೆಯುತ್ತದೆ, ಬಡ್ಡಿ ಬೆಳೆಯುತ್ತದೆ. ಮತ್ತೊಬ್ಬ ಮುಂದಿನ ವರ್ಷಕ್ಕೆ ಎರಡೆಕರೆ ಹೆಚ್ಚಿಗೆ ಹಚ್ಚುತ್ತಾನೆ. ಹಾರ ಹಾಕಿದ ಫೋಟೊ ಅಂಗಡಿಗೆ ಪುಕ್ಕಟೆ ಜಾಹೀರಾತು, ಅದರ ಖರ್ಚು ಮಾತ್ರ ಈ ಮೂವರ ತಲೆಯ ಮೇಲೆ.

2024ರ ಮಾರ್ಚ್ 11, ಸೋಮವಾರ. ದರ ದಿಢೀರ್ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಆವತ್ತು ರಾಜ್ಯದ ಎಲ್ಲ ಟಿವಿ ಕ್ಯಾಮೆರಾಗಳೂ ಬ್ಯಾಡಗಿಗೆ ಬಂದವು. ಬೆಂಕಿ ಹಚ್ಚಿದ್ದು ಸರಿ ಎಂದು ನಾವು ಹೇಳುತ್ತಿಲ್ಲ. ನಾವು ಕೇಳುವುದು ಇಷ್ಟೇ: ಹಿಂದಿನ ವಾರಗಳಲ್ಲಿ ಎಷ್ಟು ಚೀಲ ಬರುತ್ತಿತ್ತು, ಕೋಲ್ಡ್ ಸ್ಟೋರೇಜುಗಳಲ್ಲಿ ಹಳೆಯ ಸರಕು ಎಷ್ಟು ಕೂತಿತ್ತು, ಯಾವ ತಳಿಗೆ ಕೇಳುವವರಿದ್ದರು, ಯಾವುದಕ್ಕೆ ಇರಲಿಲ್ಲ ಎಂಬುದು ಲಾರಿ ಹತ್ತುವ ಮೊದಲು ಆ ರೈತನ ಫೋನಿಗೆ ಬಂದಿತ್ತೇ? ದರ ಬೀಳುವುದನ್ನು ಸುದ್ದಿ ತಡೆಯಲಾರದು. ಆದರೆ ಬೀಳುತ್ತಿದೆ ಎಂದು ಮೊದಲೇ ಗೊತ್ತಿದ್ದವನಿಗೂ ಟೆಂಡರ್ ತೆರೆದ ಮೇಲೆ ಗೊತ್ತಾದವನಿಗೂ ಬಹಳ ಫರಕು ಇದೆ.

ಹಾಗೆಂದು ಇದೇನು ಗುಟ್ಟಿನ ಮಾಹಿತಿಯಲ್ಲ. ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಮಾರುಕಟ್ಟೆವಾರು ಆವಕ, ಕನಿಷ್ಠ ದರ, ಗರಿಷ್ಠ ದರ, ಮಾದರಿ ದರ ಹಾಕುತ್ತಾರೆ. ಮಾದರಿ ದರ ಅಂದರೆ ಹೆಚ್ಚು ಸರಕು ಯಾವ ದರಕ್ಕೆ ಹೋಯಿತೋ ಅದು. ರೈತನಿಗೆ ಬೇಕಾದದ್ದು ಅದೇ. ನಮ್ಮ ಪುಟಗಳು ಅದನ್ನು ಬಿಟ್ಟು ಗರಿಷ್ಠ ದರವನ್ನಷ್ಟೇ ಎತ್ತಿಕೊಳ್ಳುತ್ತವೆ. ಯಾಕೆಂದರೆ ಮಾದರಿ ದರಕ್ಕೆ ಯಾರೂ ಹಾರ ಹಾಕುವುದಿಲ್ಲ.

ಇನ್ನು ‘ಮುಂದಿನ ಕಾರ್ಯಕ್ರಮಗಳು’ ಅಂಕಣದ ಕಥೆ. ಜಾತ್ರೆ, ಸಾಮೂಹಿಕ ವಿವಾಹ, ಪುಣ್ಯಸ್ಮರಣೆ, ಸನ್ಮಾನ. ಇರಲಿ, ಬೇಡ ಅನ್ನುವುದಿಲ್ಲ, ಜಾತ್ರೆ ಇಲ್ಲದೆ ನಮ್ಮ ವ್ಯಾಪಾರವೂ ಇಲ್ಲ. ಮಿಠಾಯಿ, ಬಳೆ, ಪಾತ್ರೆ ಅಂಗಡಿಗಳ ವರ್ಷದ ದುಡಿಮೆ ಅಲ್ಲಿದೆ. ಆದರೆ ಬರುವ ಗುರುವಾರ ಹಬ್ಬದ ಸಲುವಾಗಿ ಮಾರುಕಟ್ಟೆ ರಜೆ ಅನ್ನುವುದೂ ಒಂದು ‘ಮುಂದಿನ ಕಾರ್ಯಕ್ರಮ’ವೇ. ಹಮಾಲರು ಕೂಲಿ ದರ ಹೆಚ್ಚಳ ಕೇಳಿ ಕೆಲಸ ನಿಲ್ಲಿಸುವುದಾಗಿ ಹೇಳಿದ್ದರೆ ಅದೂ ಅಷ್ಟೇ. ಅದು ಗೊತ್ತಿಲ್ಲದೆ ಲಾರಿ ತಂದವನು ಚೀಲದ ಮೇಲೆ ಮಲಗಿ ರಾತ್ರಿ ಕಳೆಯಬೇಕು, ಲಾರಿಯವನಿಗೆ ವೇಟಿಂಗ್ ಕೊಡಬೇಕು, ಮಳೆ ಬಂದರೆ ತಾಡಪತ್ರಿ ಹುಡುಕಬೇಕು. ‘ಅಣ್ಣಾರ, ಸೋಮವಾರ ಮಾರ್ಕೆಟ್ ಐತೇನ್ರಿ?’ ಎಂದು ದೂರದ ತಾಲ್ಲೂಕಿನ ರೈತ ಪರಿಚಯದ ದಲಾಲಿಗೆ ಫೋನ್ ಹಚ್ಚಿ ಕೇಳಬೇಕಾದ ಸ್ಥಿತಿ ಇದೆಯೆಂದರೆ, ನಾವು ಪತ್ರಕರ್ತರು ಅಂತ ಕಾರ್ಡ್ ಹಾಕಿಕೊಂಡು ತಿರುಗುವುದು ಯಾತಕ್ಕೆ?

2022ರಲ್ಲಿ ಚರ್ಮಗಂಟು ರೋಗ ಹಬ್ಬಿ ದನದ ಸಂತೆಗಳನ್ನು ನಿಲ್ಲಿಸಿದಾಗಲೂ ಹೀಗೆಯೇ. ಸಂತೆ ಬಂದ್ ಅನ್ನುವುದು ಒಂದು ಸಾಲಿನ ಪ್ರಕಟಣೆಯಾಯಿತು. ಬಿತ್ತನೆಗೋ ಮದುವೆಗೋ ಎತ್ತು ಮಾರಿ ದುಡ್ಡು ಹೊಂದಿಸಬೇಕಿದ್ದವನ ಪಾಡು ಎಷ್ಟು ಪುಟಗಳಲ್ಲಿ ಬಂತು?

ಈ ಜಿಲ್ಲೆಯಲ್ಲಿ ವ್ಯಾಪಾರದ ಸುದ್ದಿ ಅಂದರೆ ಕೆಲವೊಮ್ಮೆ ಜೀವದ ಪ್ರಶ್ನೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು. ಇಬ್ಬರು ರೈತರು ಜೀವ ಬಿಟ್ಟರು. ಪ್ರತಿವರ್ಷ ಜೂನ್ 10ಕ್ಕೆ ಹುತಾತ್ಮರಿಗೆ ಹಾರ ಹಾಕುವ ಸುದ್ದಿ ತಪ್ಪದೆ ಬರುತ್ತದೆ. ಅದೇ ಜೂನ್ ತಿಂಗಳಲ್ಲಿ ಯಾವ ಸೊಸೈಟಿಯಲ್ಲಿ ಎಷ್ಟು ಚೀಲ ಡಿಎಪಿ ಬಂತು, ಯಾವ ಅಂಗಡಿಯಲ್ಲಿ ಯೂರಿಯಾ ಖಾಲಿ ಅನ್ನುವುದು ಬರುವುದಿಲ್ಲ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪ್ರತಿ ಗೊಬ್ಬರದ ಅಂಗಡಿಯವರೂ ಆ ದಿನದ ದಾಸ್ತಾನು ಮತ್ತು ದರವನ್ನು ಎಲ್ಲರಿಗೂ ಕಾಣುವಂತೆ ಬೋರ್ಡಿನಲ್ಲಿ ಬರೆಯಬೇಕು. ಬರೆದಿದ್ದಾರೆಯೇ ಎಂದು ನೋಡಲು ಸ್ಟ್ರಿಂಗರ್‌ಗೆ ಯಾರ ಅಪ್ಪಣೆಯೂ ಬೇಕಿಲ್ಲ, ಬೈಕ್ ನಿಲ್ಲಿಸಿ ತಲೆ ಎತ್ತಿದರೆ ಸಾಕು. 45 ಕೆ.ಜಿ. ಯೂರಿಯಾ ಚೀಲಕ್ಕೆ ₹266.50 ಎಂದು ಚೀಲದ ಮೇಲೆಯೇ ಅಚ್ಚಾಗಿರುತ್ತದೆ. ಅದರ ಜೊತೆಗೆ ಬೇಡದ ಇನ್ನೊಂದು ಡಬ್ಬಿಯನ್ನೂ ಕೊಳ್ಳಲೇಬೇಕು ಎಂದು ಅಂಟಿಸುವ ‘ಲಿಂಕ್’ ವ್ಯಾಪಾರ ಊರೂರಿಗೂ ಗೊತ್ತು. ಪುಟಕ್ಕೆ ಮಾತ್ರ ಗೊತ್ತಿಲ್ಲ. ಗೊಬ್ಬರ ಕಂಪನಿಯ ‘ರೈತ ಸಮಾವೇಶ’ವಾದರೆ ಮೂರು ಕಾಲಂ.

ಬೀಜದ ವಿಷಯವೂ ಇಷ್ಟೇ. ಬಲೆ ಕಟ್ಟಿ, ಹೂವಿಗೆ ಹೂವು ಕೂಡಿಸಿ ಹೈಬ್ರಿಡ್ ಬೀಜ ತೆಗೆದುಕೊಟ್ಟ ರೈತನಿಗೆ ಪರೀಕ್ಷೆಯಾಗಿ ‘ಪಾಸ್’ ಎಂದ ಮೇಲೆಯೇ ಪೂರ್ತಿ ದುಡ್ಡು. ಫೇಲಾದರೆ? ಆ ಕಾಗದ ಯಾರ ಕೈಯಲ್ಲಿದೆ, ಮರುಪರೀಕ್ಷೆ ಕೇಳಬಹುದೇ, ಒಪ್ಪಂದದ ಪ್ರತಿ ರೈತನ ಹತ್ತಿರ ಇದೆಯೇ? ಇದರ ಬಗ್ಗೆ ಒಂದು ಸಾಲು ಬರೆದರೆ ಜಾಹೀರಾತು ನಿಲ್ಲುತ್ತದೆ ಅನ್ನುವ ಭಯ.

ಭಯದ ಮೂಲವನ್ನೂ ಹೇಳಿಬಿಡೋಣ. ಹಳ್ಳಿ, ತಾಲ್ಲೂಕು ಮಟ್ಟದ ಬಹುತೇಕ ಸ್ಟ್ರಿಂಗರ್‌ಗಳಿಗೆ ಸಂಬಳ ಇಲ್ಲ. ಅಲ್ಪಸ್ವಲ್ಪ ಗೌರವಧನ, ಉಳಿದದ್ದು ತಂದ ಜಾಹೀರಾತಿನ ಕಮಿಷನ್. ಯುಗಾದಿ, ದೀಪಾವಳಿ, ಪತ್ರಿಕೆಯ ವಾರ್ಷಿಕೋತ್ಸವ ಬಂದರೆ ‘ನಿಮ್ಮ ತಾಲ್ಲೂಕಿನಿಂದ ಇಷ್ಟು’ ಎಂದು ಟಾರ್ಗೆಟ್. ಬೆಳಿಗ್ಗೆ ಜಾಹೀರಾತು ಕೇಳಲು ಹೋದ ಅಂಗಡಿಯ ತೂಕದ ಬಗ್ಗೆ ಸಂಜೆ ಸುದ್ದಿ ಬರೆಯುವ ಧೈರ್ಯ ಯಾರಿಗಿದೆ? ಇದು ಒಬ್ಬಿಬ್ಬರ ಚಾರಿತ್ರ್ಯದ ದೋಷವಲ್ಲ, ಕೆಲಸ ಕಟ್ಟಿದ ರೀತಿಯೇ ಹೀಗಿದೆ. ‘ವರ್ತಕರು ಜಾಹೀರಾತು ಕೊಡದಿದ್ದರೆ ಪತ್ರಿಕೆ ನಡೆಯುವುದು ಹೇಗೆ’ ಎಂದು ನಮ್ಮ ಹಿರಿಯ ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಜಾಹೀರಾತನ್ನು ಜಾಹೀರಾತು ಅಂತಲೇ ಚೌಕಟ್ಟು ಹಾಕಿ ಛಾಪಿಸಿ, ದುಡ್ಡು ತೊಗೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಉದ್ಘಾಟನೆಯನ್ನು ಸುದ್ದಿಯ ವೇಷದಲ್ಲಿ ಕೊಟ್ಟು, ಸುದ್ದಿಯನ್ನು ನುಂಗುವುದು ಬೇಡ.

ನಾವು ವರ್ತಕರ ವಿರುದ್ಧ ಬರೆಯುತ್ತಿದ್ದೇವೆ ಎಂದು ಯಾರಾದರೂ ಅಂದುಕೊಂಡರೆ ಅದು ತಪ್ಪು. ಈ ಪುಟಗಳಿಂದ ಸಣ್ಣ ವರ್ತಕನಿಗೂ ಏನೂ ಸಿಕ್ಕಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕದ ಕಿರಾಣಿ ಅಂಗಡಿ, ಮಿರ್ಚಿ–ಗಿರ್ಮಿಟ್ ಗಾಡಿ, ಟೈಲರ್, ಹೊಲಿಗೆ ಸಾಮಾನು ಮಾರುವ ಅಕ್ಕ, ಇವರು ಫುಲ್ ಪೇಜ್ ಕೊಡಲಾರರು, ಹಾಗಾಗಿ ಇವರದು ಸುದ್ದಿಯಲ್ಲ. ಸಂತೆ ಮೈದಾನದ ಜಕಾತಿ ಹರಾಜು ಯಾವತ್ತು, ಪಟ್ಟಣ ಪಂಚಾಯಿತಿ ನಿಗದಿ ಮಾಡಿದ ಜಕಾತಿ ಎಷ್ಟು, ವಸೂಲಿ ಮಾಡುವವನು ಎಷ್ಟು ಕೇಳುತ್ತಿದ್ದಾನೆ ಅನ್ನುವುದು ಇವರ ದಿನದ ಗಂಟಲು. ಬ್ಯಾಡಗಿಯ ಗೋದಾಮುಗಳಲ್ಲಿ ಕೂತು ಮೆಣಸಿನಕಾಯಿಯ ತುಂಬು ಬಿಡಿಸುವ ಹೆಂಗಸರಿದ್ದಾರೆ. ದಿನವಿಡೀ ಘಾಟಿನಲ್ಲಿ ಕೆಮ್ಮುತ್ತ, ಕೈ ಉರಿಯುತ್ತ, ಕೆ.ಜಿ. ಲೆಕ್ಕದಲ್ಲಿ ಕೂಲಿ. ಅವರ ಕೂಲಿ ಈ ವರ್ಷ ಏರಿತೋ ಇಳಿಯಿತೋ ಎಂದು ಬರೆದರೆ ಅದು ಬ್ಯಾಡಗಿ ಮಾರುಕಟ್ಟೆಯ ಸುದ್ದಿಯಲ್ಲವೇ? ಬ್ಯಾಡಗಿಯ ಬಣ್ಣ ಲಿಪ್‌ಸ್ಟಿಕ್‌ಗೆ ಹೋಗುತ್ತದೆ ಎಂದು ಎಷ್ಟು ಸಲ ಬರೆದಿದ್ದೇವೆ, ತುಂಬು ಬಿಡಿಸುವವರ ಕೈ ಬಗ್ಗೆ ಎಷ್ಟು ಸಲ?

ಇನ್ನೊಂದು ಮಾತು, ಇದನ್ನು ಓದುತ್ತಿರುವ ರೈತರಿಗೆ ನೇರವಾಗಿ. ಕಾಯ್ದೆ ಪ್ರಕಾರ ಎಪಿಎಂಸಿಯಲ್ಲಿ ದಲಾಲಿ ಕೊಡಬೇಕಾದವನು ಖರೀದಿದಾರ, ಮಾರಿದ ನೀವಲ್ಲ. ಟೆಂಡರ್‌ನಲ್ಲಿ ಬಿದ್ದ ದರ ಒಪ್ಪಿಗೆಯಾಗದಿದ್ದರೆ ಸರಕು ಕೊಡುವುದಿಲ್ಲ ಎಂದು ಹೇಳುವ ಹಕ್ಕು ನಿಮಗಿದೆ. ನಿಮ್ಮ ಕೈಗೆ ಬರಬೇಕಾದದ್ದು ತೂಕ, ದರ, ಕಡಿತ ಎಲ್ಲ ಬರೆದ ಅಧಿಕೃತ ಲೆಕ್ಕದ ಪಟ್ಟಿ. ಬಿಳಿ ಚೀಟಿಯ ಮೇಲೆ ಪೆನ್ಸಿಲ್‌ನಲ್ಲಿ ಗೀಚಿ ಕೊಟ್ಟದ್ದು ಲೆಕ್ಕವಲ್ಲ. ಬಿಳಿ ಚೀಟಿಯಲ್ಲಿ ‘ಸೂಟು’, ‘ಸ್ಯಾಂಪಲ್’, ‘ಇತರೆ’ ಎಂದು ಹೋದದ್ದನ್ನು ಆಮೇಲೆ ಕೇಳಲು ಯಾವ ಪುರಾವೆಯೂ ಉಳಿಯುವುದಿಲ್ಲ. ಇಷ್ಟನ್ನು ಸೀಸನ್‌ನ ಮೊದಲ ವಾರ ಒಂದು ಸಲ ಛಾಪಿಸಿದ್ದರೆ ನೂರು ಉದ್ಘಾಟನೆಗಿಂತ ಹೆಚ್ಚು ಜನ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು.

ಹಾಗಾಗಿ ನಾವು ಇಲ್ಲಿ ಒಂದು ಕೆಲಸ ಶುರು ಮಾಡುತ್ತಿದ್ದೇವೆ. ಈ ಸೀಸನ್ ಮುಗಿಯುವವರೆಗೆ ಸೋಮವಾರ, ಗುರುವಾರ ಸಂಜೆ ಬ್ಯಾಡಗಿಯ ಆವಕ ಎಷ್ಟು, ಕಡ್ಡಿ, ಡಬ್ಬಿ, ಗುಂಟೂರು ಮೂರಕ್ಕೂ ಕನಿಷ್ಠ, ಗರಿಷ್ಠ, ಮಾದರಿ ದರ ಎಷ್ಟು ಎಂದು ಹಾಕುತ್ತೇವೆ. ಮಾದರಿ ದರ ಮೊದಲು, ದಪ್ಪ ಅಕ್ಷರದಲ್ಲಿ. ಶನಿವಾರ ಮುಂದಿನ ವಾರದ ರಜೆ, ಹಮಾಲರ ತೀರ್ಮಾನ, ಸಂತೆಗಳು, ಜಕಾತಿ ಹರಾಜು. ಮುಂಗಾರಿಗೆ ಗೊಬ್ಬರದ ಬೋರ್ಡು ಇಲ್ಲದ ಅಂಗಡಿಗಳ ಫೋಟೊ. ನಿಮ್ಮ ಬಿಳಿ ಚೀಟಿ ಇದ್ದರೆ ನಿಮ್ಮ ಹೆಸರಿನ ಮೇಲೆ ಬೆರಳಿಟ್ಟು ಫೋಟೊ ತೆಗೆದು ಕಳಿಸಿ. ತಾರೀಖು ಮತ್ತು ತೂಕ ಮಾತ್ರ ಚೆನ್ನಾಗಿ ಕಾಣಬೇಕು.