ಹೆರಿಗೆ ಕೋಣೆಗೆ ಬಾರದವರ ಕಟ್ಟಳೆ

ಸಿಸ್ಟರ್‌ಗಳ ಆಸ್ಪತ್ರೆ ಎಂದರೆ ನಮ್ಮ ಕಡೆಯ ಹೆಂಗಸರಿಗೆ ಒಂದು ಧೈರ್ಯ. ನೆಲ ಸ್ವಚ್ಛ, ಹಾಸಿಗೆ ಸ್ವಚ್ಛ. ನೋವಿಗೆ ಕೂಗಿಕೊಂಡರೆ ಬೈಯುವವರಿಲ್ಲ, ಜಾತಿ ಕೇಳುವವರಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಾನೀಗ ಜಗಳಕ್ಕೆ ನಿಂತಿದ್ದೇನೆ, ಮತ್ತು ನನ್ನ ಜಗಳ ಸಿಸ್ಟರ್‌ಗಳ ಮೇಲಲ್ಲ. ಅವರ ಪರವಾಗಿ ಎಂದರೂ ನಡೆದೀತು.

ಈ ಆಸ್ಪತ್ರೆಗಳು ಒಂದೊಂದೇ ನಿಂತಿಲ್ಲ. ಭಾರತದ ಕ್ಯಾಥೊಲಿಕ್ ಆರೋಗ್ಯ ಸಂಘ ಎಂದು ಒಂದಿದೆ. ಲಾಭಕ್ಕೆಂದು ನಡೆಸದ ಮೂರು ಸಾವಿರಕ್ಕೂ ಹೆಚ್ಚು ಆಸ್ಪತ್ರೆ, ದವಾಖಾನೆಗಳು ಅದರಲ್ಲಿವೆ. 1943ರಲ್ಲಿ ಅದನ್ನು ಕಟ್ಟಿದವಳು ಒಬ್ಬ ಹೆಂಗಸು, ಡಾಕ್ಟರ್ ಮೇರಿ ಗ್ಲೌರಿ. ಆಸ್ಟ್ರೇಲಿಯಾದಲ್ಲಿ ಡಾಕ್ಟರಿಕೆ ಕಲಿತು, 1920ರಲ್ಲಿ ಗುಂಟೂರಿಗೆ ಬಂದು ಸನ್ಯಾಸಿನಿಯಾಗಿ, 1957ರಲ್ಲಿ ನಮ್ಮ ಬೆಂಗಳೂರಿನಲ್ಲಿ ತೀರಿಕೊಂಡಾಕೆ. ಸನ್ಯಾಸಿನಿಯಾದ ಮೇಲೂ ರೋಗಿಗಳನ್ನು ನೋಡಲು ಆಕೆಗೆ ಪೋಪರ ವಿಶೇಷ ಅನುಮತಿ ಬೇಕಾಯಿತು. ಕನ್ಯಾವ್ರತ ತೊಟ್ಟವರು ಹೆರಿಗೆಯ ಹತ್ತಿರ ಸುಳಿಯಬಾರದೆಂಬುದು ರೋಮಿನ ಆಗಿನ ಕಟ್ಟಳೆ. ಗಂಡಸು ಡಾಕ್ಟರನ್ನು ಹತ್ತಿರ ಬಿಡದ ಈ ದೇಶದ ಬಸುರಿಯರು ಸಾಯುತ್ತಿದ್ದರೂ ಕಟ್ಟಳೆ ಕಟ್ಟಳೆಯೇ! ಸ್ಕಾಟ್ಲೆಂಡಿನ ಡಾಕ್ಟರ್ ಆಗ್ನೆಸ್ ಮೆಕ್ಲಾರೆನ್, ಆಕೆಯ ನಂತರ ರಾವಲ್ಪಿಂಡಿಯಲ್ಲಿ ದುಡಿದ ಡಾಕ್ಟರ್ ಆನ್ನಾ ಡೆಂಗೆಲ್, ಹೀಗೆ ಹೆಂಗಸರೇ ಒಬ್ಬರಾದ ಮೇಲೊಬ್ಬರು ಕೇಳುತ್ತ ಹೋದರು. ರೋಮ್ ಒಪ್ಪಿದ್ದು 1936ರಲ್ಲಿ.

ಒಪ್ಪಿತಲ್ಲ, ಅದನ್ನು ನೆನಪಿಡಿ. ಕಟ್ಟಳೆ ಬದಲಾಗುವುದೇ ಇಲ್ಲ ಎನ್ನುವವರಿಗೆ ಉತ್ತರ ಅಲ್ಲೇ ಇದೆ.

ಈಗ ನಮ್ಮೂರಿನ ಮಾತು. ಆಸ್ಪತ್ರೆಯ ಹೆಸರು ಬೇಡ. ನನ್ನ ತಂಗಿಗೆ ಎರಡನೆಯದೂ ಸಿಸೇರಿಯನ್ ಎಂದು ನಿಶ್ಚಯವಾಗಿತ್ತು. ಎರಡು ಮಕ್ಕಳು ಸಾಕು, ಹೊಟ್ಟೆ ಕೊಯ್ದಾಗಲೇ ಮಕ್ಕಳಾಗದ ಆಪರೇಶನ್ನನ್ನೂ ಮಾಡಿಬಿಡಿ ಎಂದು ಗಂಡ ಹೆಂಡತಿ ಇಬ್ಬರೂ ಕೇಳಿದರು. ಅದೂ ಥಿಯೇಟರಿಗೆ ಕರೆದೊಯ್ಯುವ ಹಿಂದಿನ ಸಂಜೆ. ಸಿಸ್ಟರ್ ತಲೆ ತಗ್ಗಿಸಿ, "ಅದನ್ನು ಇಲ್ಲಿ ಮಾಡುವುದಿಲ್ಲಮ್ಮ" ಎಂದರು. ಒಂಬತ್ತು ತಿಂಗಳು ತಪಾಸಣೆಗೆ ಹೋಗಿದ್ದಳು; ಒಬ್ಬರೂ ಈ ಮಾತು ಹೇಳಿರಲಿಲ್ಲ. ನಾಲ್ಕು ತಿಂಗಳ ಮೇಲೆ, ಮೊಲೆ ಕುಡಿಯುವ ಕೂಸನ್ನು ನನ್ನ ಕೈಗಿತ್ತು, ಸರಕಾರಿ ಆಸ್ಪತ್ರೆಯಲ್ಲಿ ಮತ್ತೆ ಕೊಯ್ಸಿಕೊಂಡಳು. ಒಂದೇ ಸಲಕ್ಕೆ ಮುಗಿಯಬೇಕಾದ ಕೊಯ್ತ, ಮತ್ತೊಂದು ಮಂಪರು, ಮತ್ತೊಂದು ಹೊಲಿಗೆ. ಇದರಿಂದ ಯಾರ ಧರ್ಮ ಉಳಿಯಿತು?

ಅಮೆರಿಕದಲ್ಲೂ ಸನ್ಯಾಸಿನಿಯರು ಕಟ್ಟಿದ ಆಸ್ಪತ್ರೆಗಳು ಸೇರಿ ದೊಡ್ಡ ಜಾಲಗಳಾಗಿವೆ. ಅಲ್ಲಿ ಏನು ಮಾಡಬಹುದು, ಏನು ಕೂಡದು ಎಂಬ ನಿಯಮ ಬಿಷಪರುಗಳದ್ದು. 2009ರಲ್ಲಿ ಅಂಥ ಒಂದು ಜಾಲಕ್ಕೆ ಸೇರಿದ ಫೀನಿಕ್ಸ್ ಊರಿನ ಸೇಂಟ್ ಜೋಸೆಫ್ ಆಸ್ಪತ್ರೆಗೆ ನಾಲ್ಕು ಮಕ್ಕಳ ತಾಯಿಯೊಬ್ಬಳು ಬಂದಳು. ಹನ್ನೊಂದು ವಾರದ ಬಸುರಿ. ಶ್ವಾಸಕೋಶದ ರಕ್ತದೊತ್ತಡ ಏರಿ, ಬಸಿರು ಉಳಿಸಿಕೊಂಡರೆ ಜೀವ ಹೋಗುವುದು ಖಂಡಿತ ಎಂಬ ಸ್ಥಿತಿ. ಆಸ್ಪತ್ರೆಯ ನೈತಿಕ ಸಮಿತಿಯಲ್ಲಿದ್ದ ಸಿಸ್ಟರ್ ಮಾರ್ಗರೆಟ್ ಮ್ಯಾಕ್‌ಬ್ರೈಡ್ ಗರ್ಭಪಾತಕ್ಕೆ ಒಪ್ಪಿದರು. ತಾಯಿ ಬದುಕಿದಳು. ವಿಷಯ ತಿಳಿದ ಬಿಷಪ್ ಥಾಮಸ್ ಓಲ್ಮ್‌ಸ್ಟೆಡ್, ಸಿಸ್ಟರ್ ಬಹಿಷ್ಕಾರಕ್ಕೆ ಒಳಗಾಗಿದ್ದಾರೆ ಎಂದರು. 2010ರ ಡಿಸೆಂಬರಿನಲ್ಲಿ ಆಸ್ಪತ್ರೆ ಇನ್ನು ಕ್ಯಾಥೊಲಿಕ್ ಅಲ್ಲ ಎಂದೂ ಸಾರಿದರು. ಅಲ್ಲಿನ ಪ್ರಾರ್ಥನಾಲಯದಲ್ಲಿ ಪೂಜೆ ನಿಂತಿತು. ಆಸ್ಪತ್ರೆ ನಿಲ್ಲಲಿಲ್ಲ, ಇಂಥ ಸಂದರ್ಭ ಬಂದರೆ ಮತ್ತೂ ಇದನ್ನೇ ಮಾಡುತ್ತೇವೆ ಎಂದಿತು. ಸಿಸ್ಟರ್ ಮೇಲಿನ ಬಹಿಷ್ಕಾರ ಮುಂದೆ ತೆರವಾಯಿತು. ನನಗಂತೂ ಆ ನಾಲ್ಕು ಮಕ್ಕಳ ಮುಖವೇ ಕಣ್ಣಿಗೆ ಕಟ್ಟುತ್ತದೆ.

ಇಷ್ಟವಿಲ್ಲದಿದ್ದರೆ ಬೇರೆ ಕಡೆ ಹೋಗಲಿ ಎನ್ನುವವರಿದ್ದಾರೆ. ಪೇಟೆಯವರ ಮಾತು ಅದು. ಇರುವುದೇ ಒಂದು ನಂಬುವಂಥ ಆಸ್ಪತ್ರೆ. ಇನ್ನೊಂದು ಕಡೆ ಸುಮ್ಮಸುಮ್ಮನೆ ಸಿಸೇರಿಯನ್ ಮಾಡಿ ದುಡ್ಡು ಎಣಿಸುವ ನರ್ಸಿಂಗ್ ಹೋಮು. ಬಸುರಿ ಎಲ್ಲಿಗೆ ಹೋಗಬೇಕು? ನಂಬಿಕೆ ಒಪ್ಪದ್ದನ್ನು ಮಾಡಲಾರೆ ಎನ್ನುವ ಸಿಸ್ಟರಿಗೆ ಅದನ್ನೇ ಮಾಡು ಎಂದು ನಾನು ಹೇಳುವುದಿಲ್ಲ. ಆದರೆ ಹಾಗೆಂದು ಇಡೀ ಆಸ್ಪತ್ರೆಯ ಕೈ ಕಟ್ಟುವುದು ಏತಕ್ಕೆ? ಕೊಯ್ಯುವ ಡಾಕ್ಟರಿಗೆ ಬೇರೆ ನಂಬಿಕೆ, ಮಲಗಿದವಳಿಗೆ ಬೇರೆ ನಂಬಿಕೆ ಇರಬಹುದಲ್ಲ? ಒಂದು ರಾತ್ರಿಯೂ ಹೆರಿಗೆ ಕೋಣೆಯಲ್ಲಿ ನಿಂತಿರದ ಗಂಡಸರು ಆ ಕೋಣೆಗೆ ನಿಯಮ ಬರೆಯುತ್ತಾರೆ. ರಾತ್ರಿಯೆಲ್ಲ ನಿಂತವರು ತಲೆ ತಗ್ಗಿಸಿ ಅದನ್ನು ನಮಗೆ ಹೇಳಬೇಕು. ಅಧಿಕಾರ ಅವರದ್ದು, ನಾಚಿಕೆ ಇವರದ್ದು.

ನಿಯಮ ಬದಲಾಗಲು ಇನ್ನೆಷ್ಟು ಮೇರಿ ಗ್ಲೌರಿಯರು ಬೇಕೋ. ಅಲ್ಲಿಯವರೆಗೆ ಒಂದು ಸಣ್ಣ ಕೆಲಸವನ್ನಾದರೂ ಮಾಡಿ. ಚೀಟಿ ಬರೆಸುವ ಕಿಟಕಿಯ ಪಕ್ಕ ಯಾವುದಕ್ಕೆ ಎಷ್ಟು ಫೀಸೆಂದು ಬೋರ್ಡು ಹಾಕಿದ್ದೀರಲ್ಲ, ಅದರ ಕೆಳಗೆ ಇಲ್ಲಿ ಯಾವುದನ್ನು ಮಾಡುವುದಿಲ್ಲ ಎಂಬುದನ್ನೂ ಕನ್ನಡದಲ್ಲಿ ಬರೆಸಿ. ಮೂರನೆಯ ತಿಂಗಳಲ್ಲಿ ಬರುವ ಹುಡುಗಿ ಅದನ್ನು ಓದಿಕೊಳ್ಳಲಿ.