ಹೊಂದ್ಕೊಂಡಿದ್ದು ಯಾರು ಸ್ವಾಮಿ?

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ಬರೀಬೇಕು ಅಂದ್ಕೊಂಡಿದ್ದೆಲ್ಲ ಡ್ರಾಫ್ಟಿನಲ್ಲೇ ಕೊಳೀತಾ ಇದೆ. ಇವತ್ತು ಮಾತ್ರ ಬರೀದೇ ಇರಕ್ಕಾಗ್ಲಿಲ್ಲ, ಯಾಕಂದ್ರೆ ಸಿಟ್ಟು ಬಂದಿದೆ. ವಿಷಯ ಕೇಳಿದ್ರೆ ನಗ್ತೀರೇನೋ.... ಕಂಪ್ಯೂಟರ್ ಗೇಮಲ್ಲಿ ಓಡಾಡೋಕೆ ಒತ್ತುವ ಕೀಗಳ ಬಗ್ಗೆ. "ಇಷ್ಟು ವಯಸ್ಸಾದ ಮೇಲೆ ಇದೆಂಥದಾ ಮಾರಾಯ" ಅನ್ನೋರು ಈಗಲೇ ಎದ್ದು ಹೋಗಬಹುದು, ಬೇಜಾರಿಲ್ಲ :)

ನನ್ನ ತಮ್ಮ ನಾಲ್ಕು ವರ್ಷದ ಹಿಂದೆ ಬೈಕಿಂದ ಬಿದ್ದ. ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು ಸರಿಯಾಗಿವೆ. ಉಳಿದ ಮೂರು ಬೆರಳು ಹೇಳಿದ ಮಾತು ಕೇಳಲ್ಲ. ಅವನಿಗಿರೋ ಹುಚ್ಚು ಒಂದೇ, ಶೂಟಿಂಗ್ ಗೇಮು. ಈಗಿನ ಅಂಥ ಗೇಮುಗಳಲ್ಲೆಲ್ಲ ಓಡಾಡೋದಕ್ಕೆ ಡಬ್ಲ್ಯು, ಎ, ಎಸ್, ಡಿ. ಆಡುವವರ ಬಾಯಲ್ಲಿ ಅದು 'ವಾಸ್ಡ್'. ಅದನ್ನು ಒತ್ತೋಕೆ ಮೂರು ಬೆರಳು ಬೇಕು. ಇವನು ಏನ್ಮಾಡಿದ ಅಂದ್ರೆ, ಸೆಟ್ಟಿಂಗ್ಸಿಗೆ ಹೋಗಿ ಮುಂದೆ ಹೋಗೋದನ್ನ ಮೌಸಿನ ಬಲ ಬಟನ್ನಿಗೆ ಹಾಕಿದ, ಹಿಂದೆ ಬರೋದನ್ನ ಮೌಸಿನ ಪಕ್ಕದ ಬಟನ್ನಿಗೆ, ಎಡ-ಬಲ ಸರಿಯೋದನ್ನ ತೋರುಬೆರಳಿಗೆ ಎಟಕುವ ಎರಡು ಕೀಗೆ. ಹಾರೋದಕ್ಕೆ ಹೆಬ್ಬೆರಳಿದೆ, ಸ್ಪೇಸ್ ಬಾರ್ ಇದೆ. ಎರಡು ತಿಂಗಳಲ್ಲಿ ನನ್ನನ್ನು ಸೋಲಿಸೋಕೆ ಶುರು ಮಾಡಿದ. (ನನ್ನನ್ನು ಸೋಲಿಸೋದು ದೊಡ್ಡ ಸಾಧನೆ ಏನಲ್ಲ, ಅದು ಬೇರೆ ಮಾತು.)

ಮೊನ್ನೆ ಆಸೆಪಟ್ಟು ಹೊಸ ಗೇಮೊಂದನ್ನು ದುಡ್ಡು ಕೊಟ್ಟು ತಗೊಂಡ. ಅದರಲ್ಲಿ ಕೀ ಬದಲಾಯಿಸೋ ಮೆನುವೇ ಇಲ್ಲ. ಇರೋದು ಒಂದು ಚಿತ್ರ, ಅದರಲ್ಲಿ ಯಾವ ಕೀಗೆ ಯಾವ ಕೆಲಸ ಅಂತ ಬರೆದಿದೆ. ನೋಡಿ ಸುಮ್ನಿರಿ ಅಂತ. ಹತ್ತು ನಿಮಿಷ ಒದ್ದಾಡಿದ, ಆಮೇಲೆ ಏನೂ ಮಾತಾಡದೆ ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಬಂದ. ಬೈದಿದ್ರೆ ನಂಗೆ ಇಷ್ಟು ಬೇಜಾರಾಗ್ತಿರಲಿಲ್ಲ.

ಇದನ್ನ ಪ್ರೋಗ್ರಾಮರ್ ಗೆಳೆಯನೊಬ್ಬನ ಹತ್ರ ಹೇಳಿದ್ರೆ ಅವನು ಚಹಾ ಹೀರ್ತಾ ಅಂದ: "ಎಲ್ಲದಕ್ಕೂ ಮೆನು ಕೊಡ್ತಾ ಕೂತರೆ ಗೇಮ್ ಮಾಡೋದು ಯಾವಾಗ ಮಾರಾಯ? ಹಿಂದೆ ಎಲ್ರೂ ಆರೋ ಕೀಲಿ ಆಡ್ತಿದ್ರು. ವಾಸ್ಡ್ ಬಂತು, ಎಲ್ರೂ ಹೊಂದ್ಕೊಂಡ್ರು. ಜನ ಹೊಂದ್ಕೋತಾರೆ ಬಿಡು."

ಜನ ಹೊಂದ್ಕೋತಾರೆ! ಈ ಒಂದು ಮಾತಿಗೇ ಈ ಪೋಸ್ಟು. ಯಾಕಂದ್ರೆ ಇದು ಅರ್ಧ ಸುಳ್ಳು. ಕಂಪನಿಯವರು ಕೀ ಬದಲಾಯಿಸಿದರು, ಆಟಗಾರರು ಬಾಯಿ ಮುಚ್ಕೊಂಡು ಕಲಿತರು ಅನ್ನೋದು ನಡೆದ ಕಥೆಯೇ ಅಲ್ಲ. ನಡೆದಿದ್ದು ತಿರುವುಮುರುವು. ಆಟಗಾರರು ಕೀಗಳನ್ನ ತಮಗೆ ಬೇಕಾದ ಹಾಗೆ ಬದಲಾಯಿಸ್ಕೊಂಡರು, ಆಮೇಲೆ ಕಂಪನಿಗಳು ಅದಕ್ಕೆ ಹೊಂದ್ಕೊಂಡವು.

ಮೊದಲಿಗೆ, ಈ ಆರೋ ಕೀಗಳೇನು ಸೃಷ್ಟಿಯ ಕಾಲದಿಂದ ಇದ್ದವಲ್ಲ. 1976ರಲ್ಲಿ ಬಿಲ್ ಜಾಯ್ 'ವಿಐ' ಎಡಿಟರ್ ಬರೆದಾಗ ಅವನ ಮುಂದಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಗಳ ಮೇಲೇ ಇದ್ದವು. 1980ರ 'ರೋಗ್' ಗೇಮಿನವರು ಅದೇ ನಾಲ್ಕು ಅಕ್ಷರದಲ್ಲಿ ಗುಹೆ ಸುತ್ತಿದರು. 1977ರ ಆಪಲ್ 2 ಕಂಪ್ಯೂಟರಿನಲ್ಲಿ ಎಡ-ಬಲ ಬಾಣ ಎರಡೇ ಇದ್ದವು, ಮೇಲೆ-ಕೆಳಗೆ ಇರಲಿಲ್ಲ. 1984ರ ಮೊದಲ ಮ್ಯಾಕಿಂಟಾಷ್ ಕೀಬೋರ್ಡಿನಲ್ಲಿ ಒಂದೂ ಇರಲಿಲ್ಲ. ಇಂಗ್ಲೆಂಡಿನ ಝಡ್‌ಎಕ್ಸ್ ಸ್ಪೆಕ್ಟ್ರಮ್‌ನಲ್ಲಿ (1982) ಬಾಣಗಳು 5, 6, 7, 8ರ ಮೇಲೆ ಒಂದೇ ಸಾಲಿನಲ್ಲಿ ಕೂತಿದ್ದವು. ಅದರಲ್ಲಿ ಓಡಾಡೋದು ಎಂಥ ಕಷ್ಟ ಯೋಚಿಸಿ. ಅಲ್ಲಿನ ಹುಡುಗರಿಗೆ ಕ್ಯೂ, ಎ, ಓ, ಪಿ ಅಚ್ಚುಮೆಚ್ಚಾಯ್ತು. ಎಡಗೈಗೆ ಮೇಲೆ-ಕೆಳಗೆ, ಬಲಗೈಗೆ ಎಡ-ಬಲ. ಅಂದ್ರೆ ಕೀಬೋರ್ಡಿನ ಮೇಲೆ ಬಾಣ ಬರೆದಿದ್ರೂ ಜನ ಅದಕ್ಕೆ ಹೊಂದ್ಕೊಳ್ಳಲಿಲ್ಲ, ಕೈಗೆ ಹಿತವಾದದ್ದನ್ನ ಹಿಡಿದರು.

ನಾವು ಕಂಪ್ಯೂಟರ್ ಕ್ಲಾಸಿನಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ ಆಡುವ ಹೊತ್ತಿಗೆ ಆರೋ ಕೀಗಳು ಈಗಿರೋ ಜಾಗದಲ್ಲೇ ಕೂತಿದ್ದವು. ಅದೇ ಲೋಕ ಅಂದ್ಕೊಂಡಿದ್ವಿ. 1992ರ ವುಲ್ಫೆನ್‌ಸ್ಟೈನ್ 3ಡಿ, 1993ರ ಡೂಮ್ ಎರಡರಲ್ಲೂ ಓಡಾಡೋದು ಆರೋ ಕೀಲೇ. ಡೂಮ್‌ನಲ್ಲಿ ಎಡ ಬಾಣ ಒತ್ತಿದ್ರೆ ಮನುಷ್ಯ ಎಡಕ್ಕೆ ತಿರುಗ್ತಾನೆ, ಸರಿಯಲ್ಲ. ಮುಖ ಎದುರಿಗೇ ಇಟ್ಟು ಪಕ್ಕಕ್ಕೆ ಸರೀಬೇಕು ಅಂದ್ರೆ ಆಲ್ಟ್ ಕೀ ಹಿಡಿದು ಬಾಣ ಒತ್ಬೇಕು, ಇಲ್ಲಾ ಕಾಮಾ ಮತ್ತು ಫುಲ್‌ಸ್ಟಾಪ್ ಕೀ ಒತ್ಬೇಕು. ಮೇಲೆ-ಕೆಳಗೆ ನೋಡುವ ಪ್ರಶ್ನೆಯೇ ಇರಲಿಲ್ಲ. ಆ ಆಟಕ್ಕೆ ಆ ಕೀಗಳು ಸಾಕಾಗಿದ್ದವು.

1996ರಲ್ಲಿ ಕ್ವೇಕ್ ಬಂತು, ಲೆಕ್ಕಾಚಾರ ಎಲ್ಲಾ ಕೆಟ್ಟಿತು. ಈಗ ಶತ್ರು ಮೇಲಿನ ಕಟ್ಟೆಯಿಂದ ಹೊಡೀತಾನೆ, ನೀವು ತಲೆ ಎತ್ತಿ ನೋಡ್ಬೇಕು. ಗೇಮ್ ಮಾಡಿದವರು ಡಿಫಾಲ್ಟಾಗಿ ಇಟ್ಟಿದ್ದು ಅದೇ ಹಳೇ ಆರೋ ಕೀ, ಜೊತೆಗೆ ಮೇಲೆ ನೋಡೋಕೆ ಎ, ಕೆಳಗೆ ನೋಡೋಕೆ ಝಡ್. ಓಡ್ತಾ, ತಿರುಗ್ತಾ, ತಲೆ ಎತ್ತಿ ಗುಂಡು ಹಾರಿಸೋಕೆ ಹತ್ತು ಬೆರಳೂ ಸಾಲಲ್ಲ. ಆದ್ರೆ ಅವರು ಒಂದು ಪುಣ್ಯದ ಕೆಲಸ ಮಾಡಿದ್ರು, ಬಾಗಿಲು ಬೀಗ ಹಾಕಲಿಲ್ಲ. 'ಬೈಂಡ್' ಅಂತ ಒಂದು ಕಮಾಂಡು, ಒಂದು ಸಾದಾ ಟೆಕ್ಸ್ಟ್ ಫೈಲು. ಯಾವ ಕೀಗೆ ಯಾವ ಕೆಲಸ ಬೇಕೋ ನೀವೇ ಬರ್ಕೊಳ್ಳಿ. ಮೌಸ್ ಅಲ್ಲಾಡಿಸಿದ್ರೆ ತಲೆ ಅಲ್ಲಾಡೋ ಹಾಗೂ ಮಾಡ್ಕೋಬಹುದಿತ್ತು.

ಆಟಗಾರರು ಬರ್ಕೊಂಡರು. ಬಲಗೈ ಮೌಸಿಗೆ ಹೋಯ್ತು. ಆರೋ ಕೀಗಳು ಕೀಬೋರ್ಡಿನ ಬಲತುದಿಯಲ್ಲಿವೆ, ಎಡಗೈ ಅಲ್ಲೀವರೆಗೆ ಚಾಚಿದ್ರೆ ಎರಡೂ ಕೈ ಒಂದಕ್ಕೊಂದು ಡಿಕ್ಕಿ ಹೊಡೀತವೆ. ಹಾಗಾಗಿ ಎಡಗೈ ಎಡಕ್ಕೇ ಬಂತು. ಡಬ್ಲ್ಯು-ಎ-ಎಸ್-ಡಿ ಮೇಲೆ ಬೆರಳಿಟ್ರೆ ಕಿರುಬೆರಳಿಗೆ ಶಿಫ್ಟ್, ಕಂಟ್ರೋಲ್, ಹೆಬ್ಬೆರಳಿಗೆ ಸ್ಪೇಸ್, ಮೇಲೆ ಬಂದೂಕು ಬದಲಾಯಿಸೋಕೆ ಅಂಕಿಗಳು, ಸುತ್ತ ಕ್ಯೂ, ಇ, ಆರ್, ಎಫ್. ಆರೋ ಕೀ ಸುತ್ತ ಏನಿದೆ ಹೇಳಿ?

ಎಲ್ಲರೂ ಒಂದೇ ದಿನ ಅಲ್ಲಿಗೆ ಬರಲಿಲ್ಲ. ಒಬ್ಬೊಬ್ಬರದ್ದು ಒಂದೊಂದು ವ್ಯವಸ್ಥೆ ಇತ್ತು. ಆಗ ಡೆನಿಸ್ ಫಾಂಗ್ ಅಂತ ಅಮೆರಿಕದ ಹುಡುಗ, ಆಟದ ಹೆಸರು 'ಥ್ರೆಶ್'. ಮೊದಲು ಬರೀ ಕೀಬೋರ್ಡಿನಲ್ಲಿ ಆಡ್ತಿದ್ದವನು ಮೌಸ್ ಹಿಡಿದು ವಾಸ್ಡ್‌ಗೆ ಬಂದ. 1997ರ 'ರೆಡ್ ಅನಿಹಿಲೇಷನ್' ಕ್ವೇಕ್ ಪಂದ್ಯ ಗೆದ್ದು, ಆ ಗೇಮ್ ಮಾಡಿದ ಜಾನ್ ಕಾರ್ಮ್ಯಾಕ್‌ನ ಸ್ವಂತ ಕೆಂಪು ಫೆರಾರಿ ಕಾರನ್ನೇ ಬಹುಮಾನವಾಗಿ ಹೊಡ್ಕೊಂಡು ಹೋದ. ಫೆರಾರಿ ಗೆದ್ದವನು ಯಾವ ಕೀ ಒತ್ತಾನೆ ಅಂತ ಯಾರಿಗೆ ಕುತೂಹಲ ಇರಲ್ಲ? ನೋಡಿ ಕಲಿತವರಿಂದ ವಾಸ್ಡ್ ಇನ್ನಷ್ಟು ಹಬ್ಬಿತು. 1998ರಲ್ಲಿ ಹಾಫ್-ಲೈಫ್ ಬಂದಾಗ ಅದರ ಡಿಫಾಲ್ಟೇ ವಾಸ್ಡ್ ಆಗಿತ್ತು. ಕ್ರಮ ಗಮನಿಸಿ. ಮೊದಲು ಆಟಗಾರ, ಆಮೇಲೆ ಕಂಪನಿ. ನನ್ನ ಗೆಳೆಯ ಹೇಳಿದ್ದು ಉಲ್ಟಾ.

ಹಾಗಂತ ಕಲಿಯೋದು ಸುಲಭ ಇತ್ತು ಅಂತಲ್ಲ. ಸೈಬರ್ ಕೆಫೆಯಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಕೌಂಟರ್-ಸ್ಟ್ರೈಕ್ ಆಡೋಕೆ ಕೂತ ಮೊದಲ ವಾರ ನಂಗೆ ಇನ್ನೂ ನೆನಪಿದೆ. ಕಷ್ಟ ಬೆರಳಿನದ್ದಷ್ಟೇ ಅಲ್ಲ. ನನ್ನ ಮಟ್ಟಿಗೆ ಎಡ ಕೀ ಅಂದ್ರೆ ತಿರುಗು ಅಂತ ಅರ್ಥ. ಇಲ್ಲಿ ಎಡ ಕೀ ಅಂದ್ರೆ ಸರಿ ಅಂತ, ತಿರುಗೋದು ಮೌಸಿನ ಕೆಲಸ. ಕೀ ಜಾಗವೂ ಬೇರೆ, ಅರ್ಥವೂ ಬೇರೆ. ಗೋಡೆಗೆ ಮುಖ ಮಾಡಿ ಏಡಿ ಥರ ಪಕ್ಕಕ್ಕೆ ನಡೀತಾ ಇದ್ದೆ, ಹಿಂದಿನಿಂದ ಬಂದವರು ಹೊಡೆದು ಹೋಗ್ತಿದ್ರು. ಪಕ್ಕದ ಕುರ್ಚಿಯವರು ನಕ್ಕಿದ್ದೇ ನಕ್ಕಿದ್ದು. ನಾನು ಆರೋ ಕೀಗೆ ವಾಪಸ್ ಹಾಕ್ಕೊಂಡೆ. ಗೇಮು ಬಿಟ್ಟಿತು! ಒಂದು ತಿಂಗಳು ಹಾಗೇ ಆಡಿ, ಸೋತು ಸೋತು, ಒಂದು ದಿನ ನಾನೇ ವಾಸ್ಡ್‌ಗೆ ಬಂದೆ. ಬಂದಿದ್ದು ಲಾಭ ಕಂಡಿದ್ದರಿಂದ, ಮತ್ತೆ ವಾಪಸ್ ಹೋಗೋ ದಾರಿ ತೆರೆದಿದ್ದರಿಂದ. ಬಲವಂತ ಮಾಡಿದ್ರೆ ಆಟವೇ ಬಿಡ್ತಿದ್ದೆ.

ಈಗ ಗೆಳೆಯನ ವಾದಗಳಿಗೆ ಬರೋಣ.

"ಮೆನು ಮಾಡೋಕೆ ಸಮಯ ಹಿಡಿಯುತ್ತೆ." ಹಿಡಿಯುತ್ತೆ, ಒಪ್ಪಿದೆ. ಎರಡು ಕೆಲಸಕ್ಕೆ ಒಂದೇ ಕೀ ಬಂದ್ರೆ ಏನು ಮಾಡೋದು, 'ಇ ಒತ್ತಿ' ಅಂತ ತೋರಿಸೋ ಜಾಗದಲ್ಲಿ ಹೊಸ ಕೀ ಹೆಸರು ತೋರಿಸೋದು ಹೇಗೆ ಅನ್ನೋ ತಲೆನೋವು ಇದೆ. ಆದ್ರೆ 1993ರಲ್ಲಿ, ಡಾಸ್ ಕಾಲದಲ್ಲಿ, ಡೂಮ್‌ನ ಸೆಟಪ್ ಪ್ರೋಗ್ರಾಮಿನಲ್ಲೇ ಕೀ ಬದಲಾಯಿಸ್ಕೋಬಹುದಿತ್ತು. ಬೆರಳೆಣಿಕೆಯ ಜನ ಸೇರಿ ಮಾಡಿದ ಗೇಮದು. ಅಷ್ಟು ಸಲಕರಣೆ ಇರೋ ಈ ಕಾಲದಲ್ಲಿ ಆಗಲ್ಲ ಅಂದ್ರೆ ಆಗಲ್ಲ ಅಂತಲ್ಲ, ಬೇಡ ಅಂತ ಅರ್ಥ.

"ನಿನ್ನ ತಮ್ಮನಂಥೋರು ಎಷ್ಟು ಜನ ಇರ್ತಾರೆ?" ಈ ಪ್ರಶ್ನೆಗೆ ನಂಗೆ ನಿಜಕ್ಕೂ ಮೈ ಉರೀತು. ಆದ್ರೂ ಲೆಕ್ಕಕ್ಕೇ ಬರೋಣ. ಎಡಚರನ್ನು ಸೇರಿಸು. ಮೌಸ್ ಎಡಗೈಯಲ್ಲಿ ಹಿಡಿಯೋರಿಗೆ ಈಗಲೂ ಬಲಗಡೆಯ ಆರೋ ಕೀ, ನಂಬರ್ ಪ್ಯಾಡೇ ಹಿತ. ಫ್ರೆಂಚರನ್ನು ಸೇರಿಸು. ಅವರ ಕೀಬೋರ್ಡಿನಲ್ಲಿ ಡಬ್ಲ್ಯು ಜಾಗದಲ್ಲಿ ಝಡ್ ಇದೆ, ಎ ಜಾಗದಲ್ಲಿ ಕ್ಯೂ ಇದೆ. ಅಕ್ಷರ ನೋಡಿ ಓಡಾಡು ಅಂದ್ರೆ ಬೆರಳು ಗಂಟು ಬೀಳುತ್ತೆ. ಟೈಪಿಂಗ್ ಕಲಿತವರನ್ನು ಸೇರಿಸು. ಅವರಲ್ಲಿ ಕೆಲವರು ಒಂದು ಕೀ ಬಲಕ್ಕೆ ಸರಿದು ಇ, ಎಸ್, ಡಿ, ಎಫ್ ಬಳಸ್ತಾರೆ, ಯಾಕಂದ್ರೆ ಎಫ್ ಕೀ ಮೇಲಿನ ಉಬ್ಬು ಬೆರಳಿಗೆ ತಾನೇ ಸಿಗುತ್ತೆ. ಇವರನ್ನೆಲ್ಲ ಬಿಟ್ಟರೆ ಉಳಿಯೋನು ಯಾರು? ಎರಡೂ ಕೈ ಗಟ್ಟಿ ಇರೋ, ಬಲಗೈ ಬಳಸೋ, ಇಂಗ್ಲಿಷ್ ಕೀಬೋರ್ಡಿನ ನನ್ನ ಗೆಳೆಯ. ಅವನಿಗೆ ಅವನೇ 'ಎಲ್ರೂ'.

ದೊಡ್ಡ ಕಂಪನಿಗಳಲ್ಲಿ ಕೆಲವಕ್ಕೆ ಇದು ಅರ್ಥ ಆಗಿದೆ. 2018ರಲ್ಲಿ ಮೈಕ್ರೋಸಾಫ್ಟ್ ಅಂಗವೈಕಲ್ಯ ಇರೋರಿಗಾಗಿಯೇ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ತಂತು. 2020ರ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2'ರಲ್ಲಿ ಪ್ರತಿಯೊಂದು ಬಟನ್ನನ್ನೂ ಬದಲಾಯಿಸ್ಕೋಬಹುದು. ಇದನ್ನ 'ದಯೆ' ಅಂತ ಹೊಗಳೋರನ್ನ ಕಂಡ್ರೂ ನಂಗಾಗಲ್ಲ. ದುಡ್ಡು ಕೊಟ್ಟು ತಗೊಂಡ ಆಟವನ್ನ ಆಡೋಕೆ ಬಿಡೋದು ದಯೆ ಹೇಗಾಗುತ್ತೆ?

ಇನ್ನೊಂದು ಪಂಗಡ ಇದೆ, ಅವರಿಗೂ ಎರಡು ಮಾತು. ನನ್ನ ಅಕ್ಕನ ಮಗ, ಹೈಸ್ಕೂಲು, ನಾನು ಹಳೇ ಗೇಮೊಂದನ್ನ ಆರೋ ಕೀಲಿ ಆಡೋದು ನೋಡಿ "ಮಾವ, ನೀವು ನೂಬಾ?" ಅಂದ. ವಾಸ್ಡ್ ಬಿಟ್ಟು ಬೇರೆ ಹಿಡಿದವರೆಲ್ಲ ದಡ್ಡರು ಅನ್ನೋ ಈ ಜಂಬ ಇದೆಯಲ್ಲ.... ಅಯ್ಯಾ, ನಿನ್ನ ವಾಸ್ಡ್ ಹುಟ್ಟಿದ್ದೇ ಡಿಫಾಲ್ಟನ್ನ ಧಿಕ್ಕರಿಸಿದವರಿಂದ. ಅವತ್ತು ಅವರನ್ನ ಯಾರಾದ್ರೂ ಹೀಗೆ ನಕ್ಕು ಕೂರಿಸಿದ್ದಿದ್ರೆ ಇವತ್ತು ನೀನು ಎ ಒತ್ತಿ ಆಕಾಶ ನೋಡ್ತಾ ಇರ್ತಿದ್ದೆ.

ನಮಗ್ಯಾಕೆ ಇದೆಲ್ಲ ಅಂತೀರಾ? ಕನ್ನಡದಲ್ಲಿ ಟೈಪ್ ಮಾಡೋ ನಮ್ಮಷ್ಟು ಇದು ಯಾರಿಗೆ ಗೊತ್ತಿರಬೇಕು? ಬರಹದ ಇಂಗ್ಲಿಷ್ ಮಾದರಿ ಕಲಿತವರು, ನುಡಿಯ ಕೆ.ಪಿ. ರಾವ್ ವಿನ್ಯಾಸ ಕಲಿತವರು, ಇನ್‌ಸ್ಕ್ರಿಪ್ಟ್ ಕಲಿತವರು, ಮೂರು ಮತದವರೂ ಇಲ್ಲಿದ್ದೀರಿ. ಯಾವುದು ಮೇಲು ಅಂತ ಹೊಡೆದಾಡಿದ್ದೂ ಇದೆ. ಆದ್ರೆ 'ಇದೊಂದೇ ಇರುತ್ತೆ, ಹೊಂದ್ಕೊಳ್ಳಿ' ಅಂತ ಯಾರಾದ್ರೂ ಉಳಿದೆರಡನ್ನ ಕಿತ್ತುಹಾಕಿದ್ದಿದ್ರೆ ನಮ್ಮಲ್ಲಿ ಎಷ್ಟು ಜನ ಬರೀತಾ ಇರ್ತಿದ್ವಿ? ನಾನು ಇನ್‌ಸ್ಕ್ರಿಪ್ಟಿನವನು. ಅದರಲ್ಲಿ ಡಬ್ಲ್ಯು ಕೀ ಒತ್ತಿದ್ರೆ ಐತ್ವ, ಎ ಒತ್ತಿದ್ರೆ ಓತ್ವ, ಎಸ್ ಒತ್ತಿದ್ರೆ ಏತ್ವ, ಡಿ ಒತ್ತಿದ್ರೆ ಅರ್ಧಾಕ್ಷರದ ಗುರುತು. ಒಂದ್ಸಲ ಕನ್ನಡದಲ್ಲಿ ಬರೀತಾ ಇದ್ದವನು ಹಾಗೇ ಬ್ರೌಸರಿನಲ್ಲಿ ಪುಟ್ಟ ಗೇಮೊಂದನ್ನ ತೆರೆದೆ. ಮನುಷ್ಯ ಕದಲಲೇ ಇಲ್ಲ. ಕೀ ಇರೋ ಜಾಗ ನೋಡೋ ಬದಲು ಬಂದ ಅಕ್ಷರ ನೋಡ್ತಿತ್ತು ಅದು. ಜಾಗ ಬೇರೆ, ಅಕ್ಷರ ಬೇರೆ ಅಂತ ತಿಳಿಯೋ ವ್ಯವಸ್ಥೆ ಈಗಿನ ಬ್ರೌಸರುಗಳಲ್ಲೇ ಇದೆ. ಬರೆದವನಿಗೆ ಬೇಕು ಅನ್ನಿಸಿರಲಿಲ್ಲ ಅಷ್ಟೆ. ಅವನ 'ಎಲ್ರೂ' ಲೆಕ್ಕದಲ್ಲಿ ಕನ್ನಡದವನು ಇರಲಿಲ್ಲ.

ಹಾಗಾಗಿ ನಂದು ಎರಡೇ ಬೇಡಿಕೆ. ಗೇಮ್ ಮಾಡುವವರೇ, ನಮ್ಮೂರಲ್ಲೂ ನಿಮ್ಮಂಥೋರು ತುಂಬಾ ಜನ ಇದ್ದೀರಿ, ಡಿಫಾಲ್ಟ್ ಏನು ಬೇಕಾದ್ರೂ ಇಡಿ, ಬದಲಾಯಿಸೋ ಮೆನು ಕೊಡಿ. ಆಡುವವರೇ, ಪಕ್ಕದವನ ಬೆರಳು ಎಲ್ಲಿದೆ ಅಂತ ನೋಡಿ ನಗಬೇಡಿ. ತಮ್ಮ ಆ ಗೇಮಿನವರಿಗೆ ಮೇಲ್ ಬರೆದಿದ್ದಾನೆ, ನಾನೂ ಬರೆದಿದ್ದೀನಿ. ಉತ್ತರ ಇನ್ನೂ ಬಂದಿಲ್ಲ. ಅಲ್ಲೀವರೆಗೆ ಅವನು ಹಳೇ ಕ್ವೇಕ್ ಹಾಕ್ಕೊಂಡು ಕೂತಿದಾನೆ. ಹತ್ತಿರ ಹತ್ತಿರ ಮೂವತ್ತು ವರ್ಷದ ಗೇಮು, ಅವನ ಎರಡು ಬೆರಳಿಗೆ ಒಂದು ಮಾತೂ ಅನ್ನದೆ ಜಾಗ ಕೊಟ್ಟಿದೆ.

ಕೊರೆತ ಜಾಸ್ತಿ ಆಯ್ತು, ಕ್ಷಮಿಸಿ. ನೀವು ಯಾವ ಕೀಲಿ ಓಡಾಡ್ತೀರಿ? ನನ್ನ ಗೆಳೆಯನದ್ದೇ ಸರಿ ಅನ್ನೋರಿದ್ರೆ ಅದನ್ನೂ ಬರೀರಿ, ಜಗಳಕ್ಕೆ ನಾನು ರೆಡಿ :)